ಅರ್ಧ ಸಂಬಳದ ಮನೆಯ ಲೆಕ್ಕ: ತುಮಕೂರಿನ ಓದುಗರಿಗೆ ಉತ್ತರ

ಜುಲೈ 2020

ಮಾನ್ಯ ಸೋದರಿಯವರಿಗೆ ನಮಸ್ಕಾರ.

ನಿಮ್ಮ ಪತ್ರ ಕಳೆದ ವಾರ ಕೈಸೇರಿತು. ಹೆಸರನ್ನೂ ಬಡಾವಣೆಯನ್ನೂ ಅಚ್ಚು ಮಾಡಬೇಡಿ ಎಂದು ಕೇಳಿದ್ದೀರಿ. ಊರನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಬೇರೆ ಓದುಗರಿಗೂ ವಿಷಯ ತಿಳಿಯಲೆಂದು ನೀವು ಬರೆದದ್ದನ್ನು ಮೊದಲು ಚಿಕ್ಕದಾಗಿ ಹೇಳುತ್ತೇನೆ. ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ದುಡಿಯುವ ನಿಮ್ಮ ಯಜಮಾನರ ಸಂಬಳ ಏಪ್ರಿಲ್‌ನಿಂದ 24,000 ರೂಪಾಯಿಯಿಂದ 14,000ಕ್ಕೆ ಇಳಿದಿದೆ. ಬ್ಲೌಸ್ ಹೊಲಿದು ನೀವು ತರುತ್ತಿದ್ದ ಐದು ಸಾವಿರ, ಮದುವೆಗಳೇ ನಿಂತುಹೋದ ಮೇಲೆ ನಿಂತಿದೆ. ಈಗ ಮಾಸ್ಕ್ ಹೊಲಿದು ತಿಂಗಳಿಗೆ 2,500 ಸಂಪಾದಿಸುತ್ತಿದ್ದೀರಿ. ಮನೆ ಸಾಲದಲ್ಲಿ 9 ಲಕ್ಷ ಬಾಕಿ ಇದೆ, ಮಾರ್ಚ್‌ನಿಂದ ಕಂತು ಕಟ್ಟಿಲ್ಲ. ಕ್ರೆಡಿಟ್ ಕಾರ್ಡಿನಲ್ಲಿ 38,000 ಬಾಕಿಯಾಗಿದೆ. ಆಗಸ್ಟ್ ತನಕ ಕಂತು ಮುಂದೂಡಬಹುದೇ, ಬಳೆ ಮಾರಬೇಕೇ, ಪಿಎಫ್ ತೆಗೆಯಬೇಕೇ, ಚೀಟಿ ನಿಲ್ಲಿಸಬೇಕೇ ಎಂದು ಕೇಳಿದ್ದೀರಿ. ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಎಸ್‌ಎಸ್‌ಎಲ್‌ಸಿ ಪರೀಕ್ಷೆ ಈಗಷ್ಟೇ ಮುಗಿಸಿರುವ ಮಗಳಿಗೆ ಇದನ್ನೆಲ್ಲ ಹೇಳಬೇಕೇ ಬೇಡವೇ ಎಂದೂ ಕೇಳಿದ್ದೀರಿ.

ಈ ಐದೂ ಪ್ರಶ್ನೆಗಳಿಗಿಂತ ಮೊದಲು, ನೀವು ಪ್ರಶ್ನೆಯೆಂದು ಬರೆಯದ ಒಂದು ಸಾಲಿನಿಂದ ಉತ್ತರವನ್ನು ಆರಂಭಿಸುತ್ತೇನೆ. “ಅತ್ತೆಯವರು ಸಕ್ಕರೆ ಕಾಯಿಲೆ ಮಾತ್ರೆಯನ್ನು ಈಗ ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತಿದ್ದಾರೆ, ಎರಡು ತಿಂಗಳು ಬರಲಿ ಎಂದು” ಎಂದು ಬರೆದು ಮುಂದಿನ ಸಾಲಿಗೆ ಹೋಗಿಬಿಟ್ಟಿದ್ದೀರಿ. ದಯವಿಟ್ಟು ಇಂದೇ ಅದನ್ನು ನಿಲ್ಲಿಸಿ, ದಿನದ ಮಾತ್ರೆ ದಿನವೇ ಕೊಡಿ. ಸಕ್ಕರೆ, ಬಿಪಿ ಇರುವ ಹಿರಿಯರಿಗೆ ಕೊರೋನಾ ಹೆಚ್ಚು ಉಗ್ರವಾಗಿ ಕಾಡುತ್ತದೆ ಎಂಬುದು ಈಗ ಎಲ್ಲ ವೈದ್ಯರೂ ಹೇಳುತ್ತಿರುವ ಮಾತು. ಮಾತ್ರೆಯ ದುಡ್ಡು ಉಳಿಸಲು ಹೋದರೆ, ಅದರ ನೂರು ಪಟ್ಟು ಆಸ್ಪತ್ರೆಗೆ ಕೊಡಬೇಕಾದೀತು. ವೈದ್ಯರ ಚೀಟಿ ಹಿಡಿದು ಜನೌಷಧಿ ಕೇಂದ್ರಕ್ಕೆ ಹೋಗಿ ಬ್ರ್ಯಾಂಡ್ ಹೆಸರಿಲ್ಲದ ಅದೇ ಔಷಧಿಯ ಮಾತ್ರೆ ಕೇಳಿ. ನೀವು ಬರೆದಿರುವ 1,800 ರೂಪಾಯಿ ಅಲ್ಲಿ ಬಹಳಷ್ಟು ಇಳಿಯುತ್ತದೆ.

ಈ ಸಾಲು ನಿಮ್ಮ ಪತ್ರದಲ್ಲಿ ಏಕೆ ಅಷ್ಟು ಚಿಕ್ಕದಾಗಿತ್ತು ಎಂದು ಯೋಚಿಸಿದೆ. ಔಷಧಿ ಅಂಗಡಿಯವರು ಫೋನ್ ಮಾಡುವುದಿಲ್ಲ, ಅತ್ತೆಯವರು ಬಾಯಿಬಿಟ್ಟು ಕೇಳುವುದಿಲ್ಲ. ಕಾರ್ಡಿನವರು ದಿನಕ್ಕೆ ಮೂರು ಸಲ ಫೋನ್ ಮಾಡುತ್ತಾರೆ, ಚೀಟಿ ನಡೆಸುವವರು ಬಾಗಿಲಿಗೆ ಬರುತ್ತಾರೆ. ಹಾಗಾಗಿ ಸಂಬಳ ಬಂದ ವಾರವೇ ಹಣ ಆ ಇಬ್ಬರ ಕಡೆ ಹೋಗಿದೆ. ಆದಾಯ ಕುಸಿದ ಮನೆಗಳಲ್ಲಿ ನಡೆಯುವ ದೊಡ್ಡ ತಪ್ಪು ಇದೇ ಎಂದು ನನ್ನ ಅಭಿಪ್ರಾಯ: ಯಾರು ಜೋರಾಗಿ ಕೇಳುತ್ತಾರೋ ಅವರಿಗೆ ಮೊದಲು ಕೊಡುತ್ತೇವೆ. ಕೊಡದಿದ್ದರೆ ನಾವು ಏನನ್ನು ಕಳೆದುಕೊಳ್ಳುತ್ತೇವೆ ಎಂಬುದನ್ನು ನೋಡಿ ಸರದಿ ಹಾಕಬೇಕು. ಔಷಧಿ, ದಿನಸಿ, ಗ್ಯಾಸು, ಕರೆಂಟು ಮೊದಲು. ತಲೆಯ ಮೇಲಿನ ಸೂರು ಆಮೇಲೆ. ಉಳಿದದ್ದೆಲ್ಲ ಅದರ ನಂತರ.

ಇನ್ನು ನಿಮ್ಮ ಲೆಕ್ಕಕ್ಕೆ ಬರೋಣ. ಕಂತು 8,863, ದಿನಸಿ 6,000, ಔಷಧಿ 1,800, ಕರೆಂಟು ಮತ್ತು ಗ್ಯಾಸು 1,400, ಚೀಟಿ 2,000, ಕಾರ್ಡಿಗೆ ಕನಿಷ್ಠ ಪಾವತಿ 1,900, ಜೀವವಿಮೆ 1,100, ಫೋನು 600. ಒಟ್ಟು 23,663 ರೂಪಾಯಿ. ಬರುವುದು 16,500. ತಿಂಗಳಿಗೆ ಏಳು ಸಾವಿರದ ಮೇಲೆ ಕೊರತೆ. ಶಾಲೆಯ ಶುಲ್ಕ ಇದರಲ್ಲಿ ಸೇರಿಲ್ಲ. ಇಷ್ಟು ಕೊರತೆಯನ್ನು ಕಾಫಿಪುಡಿ ಕಡಿಮೆ ಮಾಡಿ, ತರಕಾರಿ ಚೌಕಾಸಿ ಮಾಡಿ ತುಂಬಲಾಗದು. ನೀವು ದುಂದುವೆಚ್ಚ ಮಾಡಿದಿರಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಈ ಪಟ್ಟಿಯಲ್ಲಿ ದುಂದು ಎನ್ನುವಂಥದ್ದು ನನಗೆ ಒಂದೂ ಕಾಣಲಿಲ್ಲ.

ಹೀಗಿರುವಾಗ ಆಗಸ್ಟ್ ತನಕ ಕಂತು ಮುಂದೂಡದೆ ನಿಮಗೆ ಬೇರೆ ದಾರಿಯಿಲ್ಲ, ಮುಂದೂಡಿ. ರಿಸರ್ವ್ ಬ್ಯಾಂಕು ಮಾರ್ಚ್ 27ರಂದು ಮೂರು ತಿಂಗಳಿಗೆಂದು ಕೊಟ್ಟ ಅವಕಾಶವನ್ನು ಮೇ 22ರಂದು ಆಗಸ್ಟ್ 31ರ ತನಕ ವಿಸ್ತರಿಸಿದೆ. ಆದರೆ ನಿಮ್ಮ ಪತ್ರದಲ್ಲಿ “ಸರ್ಕಾರ ಆರು ತಿಂಗಳ ಕಂತು ಬಿಟ್ಟಿದೆ” ಎಂಬ ಮಾತು ಇದೆ. ಬಿಟ್ಟಿಲ್ಲ, ಮುಂದಕ್ಕೆ ಹಾಕಿದೆ ಅಷ್ಟೇ, ಬಡ್ಡಿ ಓಡುತ್ತಲೇ ಇದೆ. ನೀವು ಹೇಳಿದ ಶೇಕಡ 8.5ರ ಬಡ್ಡಿ, ಉಳಿದಿರುವ 180 ಕಂತುಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿ ನೋಡಿದೆ. ಮಾರ್ಚ್‌ನಲ್ಲಿ 9 ಲಕ್ಷವಿದ್ದ ಸಾಲ ಆಗಸ್ಟ್ ಕೊನೆಗೆ ಸುಮಾರು 9 ಲಕ್ಷ 39 ಸಾವಿರ ಆಗಿರುತ್ತದೆ. ಅದೇ 8,863ರ ಕಂತನ್ನು ಮುಂದುವರಿಸಿದರೆ 180ರ ಬದಲು ಸುಮಾರು 197 ಕಂತು ಕಟ್ಟಬೇಕಾಗುತ್ತದೆ. ಅಂದರೆ ಇಂದು ಆರು ಕಂತಿನ 53 ಸಾವಿರವನ್ನು ಕೈಯಲ್ಲಿ ಉಳಿಸಿಕೊಂಡದ್ದಕ್ಕೆ, ಸಾಲ ತೀರುವಷ್ಟರಲ್ಲಿ ಒಟ್ಟಾರೆ ಸುಮಾರು ಒಂದು ಲಕ್ಷ 47 ಸಾವಿರ ಹೆಚ್ಚಿಗೆ ತೆರಬೇಕು. ಬಡ್ಡಿಯ ಮೇಲೆ ಬಡ್ಡಿ ಹಾಕಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದಿದೆ. ತೀರ್ಪು ಬಂದು ಒಂದಿಷ್ಟು ಉಳಿದರೆ ಒಳ್ಳೆಯದೇ, ಆದರೆ ಅದನ್ನು ನಂಬಿ ಲೆಕ್ಕ ಹಾಕಬೇಡಿ. ಈ ಬೆಲೆ ಗೊತ್ತಿದ್ದೂ ನಾನು ಮುಂದೂಡಿ ಎನ್ನುತ್ತಿರುವುದು, ಇಂದಿನ ಅನ್ನ ಮತ್ತು ಔಷಧಿ ಹದಿನೈದು ವರ್ಷದಾಚೆಯ ಕಂತಿಗಿಂತ ದೊಡ್ಡದು ಎಂಬ ಕಾರಣಕ್ಕೆ. ಅನುಕೂಲವಿದ್ದೂ “ಎಲ್ಲರೂ ಮಾಡುತ್ತಿದ್ದಾರೆ” ಎಂದು ಮುಂದೂಡಿರುವ ಓದುಗರು ಮಾತ್ರ ದಯವಿಟ್ಟು ಈ ಲೆಕ್ಕವನ್ನು ಎರಡು ಸಲ ಓದಬೇಕು.

ಜುಲೈ, ಆಗಸ್ಟ್ ಹೇಗೋ ದಾಟುತ್ತವೆ. ನಿಜವಾದ ಕಷ್ಟ ಸೆಪ್ಟೆಂಬರ್‌ನದು. ಆ ತಿಂಗಳು ಮತ್ತೆ 8,863 ಕಟ್ಟಬೇಕು, ಸಂಬಳ ಅಷ್ಟರಲ್ಲಿ ಮೊದಲಿನಂತಾಗುತ್ತದೆ ಎಂದು ಯಾರೂ ಮಾತು ಕೊಟ್ಟಿಲ್ಲ. ಹಾಗಾಗಿ ಆಗಸ್ಟ್ ಮೊದಲ ವಾರದಲ್ಲೇ ಇಬ್ಬರೂ ಒಟ್ಟಿಗೆ ಬ್ಯಾಂಕಿಗೆ ಹೋಗಿ, ಎರಡು ವಿಷಯ ಕೇಳಿ, ಎರಡನ್ನೂ ಅರ್ಜಿಯಲ್ಲಿ ಬರೆದು ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಒಂದು, ಸಾಲದ ಅವಧಿಯನ್ನು ಇಪ್ಪತ್ತು ವರ್ಷಕ್ಕೆ ಹೆಚ್ಚಿಸಿ ಕಂತನ್ನು ಇಳಿಸುವುದು. ನಿಮ್ಮ ಯಜಮಾನರಿಗೆ 42 ವರ್ಷವಾದ್ದರಿಂದ ಕೇಳಲು ಅವಕಾಶವಿದೆ. ಎರಡು, ಬಡ್ಡಿ ದರ. ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಅಂದರೆ ರೆಪೊ ದರ, ಮಾರ್ಚ್‌ನಿಂದ ಮೇ ಒಳಗೆ ಶೇಕಡ 5.15ರಿಂದ 4ಕ್ಕೆ ಇಳಿದಿದೆ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಕೊಡುವ ಹೊಸ ಮನೆ ಸಾಲಗಳ ಬದಲಾಗುವ ಬಡ್ಡಿ ಇಂಥ ಹೊರಗಿನ ದರಕ್ಕೆ ಜೋಡಣೆಯಾಗಿರುತ್ತದೆ. ನಿಮ್ಮದು ಹಳೆಯ ಸಾಲ, ಆದ್ದರಿಂದ ಇಳಿಕೆ ತಾನಾಗಿ ನಿಮ್ಮ ತನಕ ಬಂದಿಲ್ಲ. ಒಂದಿಷ್ಟು ಶುಲ್ಕ ಕಟ್ಟಿ ಹೊಸ ಪದ್ಧತಿಗೆ ಬದಲಾಯಿಸಿಕೊಡಿ ಎಂದು ಕೇಳಿ. ಬಡ್ಡಿ ಶೇಕಡ 7.5ಕ್ಕೆ ಇಳಿದು ಅವಧಿ ಇಪ್ಪತ್ತು ವರ್ಷವಾದರೆ ಕಂತು ಸುಮಾರು 7,560 ರೂಪಾಯಿಗೆ ಬರುತ್ತದೆ. ಕಂತು ತಪ್ಪಿದ ಮೇಲೆ ಹೋಗಿ ಕೇಳುವುದಕ್ಕೂ ತಪ್ಪುವ ಮೊದಲೇ ಹೋಗಿ ಕೇಳುವುದಕ್ಕೂ ಬ್ಯಾಂಕಿನ ಮೇಜಿನ ಆಚೆ ಬದಿಯಲ್ಲಿ ಬಹಳ ವ್ಯತ್ಯಾಸವಿದೆ.

ಕಾರ್ಡಿನ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳಬೇಕು. ನೀವು ತಿಂಗಳು ತಿಂಗಳು ಕಟ್ಟುತ್ತಿರುವ 1,900 ರೂಪಾಯಿ ಎಲ್ಲಿಗೆ ಹೋಗುತ್ತಿದೆ ನೋಡಿ. ತಿಂಗಳಿಗೆ ಶೇಕಡ ಮೂರೂವರೆಯಂತೆ 38,000ಕ್ಕೆ ಬಡ್ಡಿ 1,330 ರೂಪಾಯಿ, ಆ ಬಡ್ಡಿಯ ಮೇಲೆ ಶೇಕಡ 18ರ ಜಿಎಸ್‌ಟಿ 239 ರೂಪಾಯಿ. ಅಸಲಿಗೆ ಸೇರುವುದು 331 ರೂಪಾಯಿ ಮಾತ್ರ. ವರ್ಷಕ್ಕೆ ಶೇಕಡ ನಲವತ್ತನ್ನು ದಾಟುವ ಈ ಬಡ್ಡಿಗೆ ಕಂತು ಮುಂದೂಡಿಕೆಯೂ ಪರಿಹಾರವಲ್ಲ. ಕಾರ್ಡಿನ ಬಾಕಿಗೂ ಆ ಸೌಲಭ್ಯ ಇದೆಯಾದರೂ ಬಡ್ಡಿ ಅದೇ ದರದಲ್ಲಿ ಬೆಳೆಯುತ್ತದೆ.

ನಿಮ್ಮ ಬಳೆಗಳ ಪ್ರಶ್ನೆಗೆ ಉತ್ತರ ಇಲ್ಲಿದೆ. ಮಾರಬೇಡಿ, ಅಡವಿಡಿ, ಅದೂ ಈ ಒಂದು ಕೆಲಸಕ್ಕೆ ಮಾತ್ರ. ಚಿನ್ನದ ಬೆಲೆ ಈಗ ಹತ್ತು ಗ್ರಾಂಗೆ 45 ಸಾವಿರ ದಾಟಿದೆ. ಬ್ಯಾಂಕುಗಳು ಬೆಲೆಯ ಮುಕ್ಕಾಲು ಪಾಲಿನ ತನಕ ಸಾಲ ಕೊಡಬಹುದು. ಹನ್ನೆರಡು ಗ್ರಾಂ ತೂಗುವ ಬಳೆಗಳ ಮೇಲೆ 38,000 ಸಿಗುತ್ತದೆ. ಶೇಕಡ ಹತ್ತರ ಬಡ್ಡಿಯಾದರೆ ತಿಂಗಳಿಗೆ 317 ರೂಪಾಯಿ. ಆ ಹಣದಿಂದ ಕಾರ್ಡಿನ ಬಾಕಿಯನ್ನು ಪೂರ್ತಿ ತೀರಿಸಿ, ಖಾತೆ ಮುಚ್ಚಿದ ಪತ್ರ ಪಡೆದು, ಕಾರ್ಡನ್ನು ಕತ್ತರಿಸಿಬಿಡಿ. ಬ್ಯಾಂಕು ಅಥವಾ ನಿಮಗೆ ಗೊತ್ತಿರುವ ಸಹಕಾರ ಸಂಘದಲ್ಲೇ ಅಡವಿಡಿ, ವಾಯಿದೆಯ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬಡ್ಡಿ ಕಟ್ಟದೆ ವಾಯಿದೆ ಮೀರಿದರೆ ಬಳೆ ಹರಾಜಿಗೆ ಹೋಗುತ್ತದೆ. ಕಾರ್ಡಿನ ಬಾಕಿ ತೀರುವ ತನಕ ಕಾರ್ಡಿನವರ ಕಡೆಯಿಂದ ಬೈಗುಳ, ಬೆದರಿಕೆ ಬಂದರೆ ತಾರೀಖು, ಹೊತ್ತು ಬರೆದಿಟ್ಟು ಮೊದಲು ಆ ಬ್ಯಾಂಕಿಗೆ, ಅಲ್ಲಿ ಪರಿಹಾರ ಸಿಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಿ. ಐದು ನಿಮಿಷದಲ್ಲಿ ಸಾಲ ಕೊಡುತ್ತೇವೆ ಎನ್ನುವ ಫೋನಿನ ಆ್ಯಪ್‌ಗಳನ್ನು ಮುಟ್ಟಲೇಬೇಡಿ; ನಿಮ್ಮ ಫೋನಿನಲ್ಲಿರುವ ನೆಂಟರ, ಗಿರಾಕಿಗಳ ನಂಬರುಗಳೆಲ್ಲ ಅವರ ಕೈಸೇರುತ್ತವೆ.

ಚೀಟಿಯನ್ನು ನಾಲ್ಕು ತಿಂಗಳು ನಿಲ್ಲಿಸಲು ಕೇಳಿ. ನೀವು ಇನ್ನೂ ಚೀಟಿ ಎತ್ತಿಲ್ಲವಾದ್ದರಿಂದ ಇದು ನಿಮ್ಮ ಉಳಿತಾಯ, ಸಾಲವಲ್ಲ. ಕೇಳಲು ಸಂಕೋಚ ಬೇಡ. ಜೀವವಿಮೆಯನ್ನು ಮಾತ್ರ ನಿಲ್ಲಿಸಬೇಡಿ. ಒಬ್ಬರ ದುಡಿಮೆಯ ಮೇಲೆ ನಿಂತಿರುವ ಮನೆ ಸಾಂಕ್ರಾಮಿಕದ ನಡುವೆ ವಿಮೆ ಬಿಡುವುದು ಸರಿಯಲ್ಲ.

ಪಿಎಫ್ ಬಗ್ಗೆ ನಿಮ್ಮ ಭಾವನವರು ಹೇಳಿದ್ದು ನಿಜ. ಕೊರೋನಾ ಕಾರಣಕ್ಕೆ ಮೂರು ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ, ಇಲ್ಲವೇ ಖಾತೆಯಲ್ಲಿರುವ ಹಣದ ಶೇಕಡ 75, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ತೆಗೆಯಬಹುದು, ವಾಪಸು ಕಟ್ಟಬೇಕಿಲ್ಲ. ನಿಮ್ಮ ಯಜಮಾನರ ಮೂಲ ವೇತನ 12,000 ಎಂದಿದ್ದೀರಿ, ಹಾಗಾದರೆ ಹೆಚ್ಚೆಂದರೆ 36,000. ವಾಪಸು ಕಟ್ಟಬೇಕಿಲ್ಲ ಎಂಬುದೇ ಇದರ ಅಪಾಯ ಕೂಡ, ಏಕೆಂದರೆ ಮುದಿವಯಸ್ಸಿನ ಹಣ ತಿರುಗಿ ತುಂಬುವುದಿಲ್ಲ. ಇಂದೇ ತೆಗೆದರೆ ಅದು ಕಾರ್ಡಿಗೂ ಚೀಟಿಗೂ ಹಂಚಿ ಹೋಗುತ್ತದೆ. ಸೆಪ್ಟೆಂಬರ್ ತನಕ ಕಾಯಿರಿ. ಕಾರ್ಡು ತೀರಿ, ಚೀಟಿ ನಿಂತು, ಕಂತು 7,560ಕ್ಕೆ ಇಳಿದ ಮೇಲೂ, ಬಳೆಯ ಸಾಲದ ಬಡ್ಡಿ ಸೇರಿ, ತಿಂಗಳಿಗೆ ಸುಮಾರು 2,280 ರೂಪಾಯಿ ಕೊರತೆ ಉಳಿಯುತ್ತದೆ. ಸಂಬಳ ಆಗಲೂ ಏರದಿದ್ದರೆ ಪಿಎಫ್ ತೆಗೆದು ಬೇರೆ ಖಾತೆಯಲ್ಲಿಟ್ಟು, ತಿಂಗಳಿಗೆ ಅಷ್ಟನ್ನೇ ತೆಗೆಯಿರಿ. ಚೀಟಿ ಹಾಗೇ ನಿಂತಿದ್ದರೆ ಹದಿನೈದು ತಿಂಗಳು ಬರುತ್ತದೆ. ಆಧಾರ್, ಬ್ಯಾಂಕ್ ಖಾತೆಯ ಜೋಡಣೆ ಸರಿಯಿದೆಯೇ ಎಂದು ಮಾತ್ರ ಈಗಲೇ ನೋಡಿಸಿ, ಅವಸರದ ದಿನ ಹೆಸರಿನ ಒಂದು ಅಕ್ಷರ ತಪ್ಪಿದ್ದರೂ ಅರ್ಜಿ ನಿಲ್ಲುತ್ತದೆ.

ಜುಲೈ, ಆಗಸ್ಟ್‌ನಲ್ಲಿ ಕಂತು, ಕಾರ್ಡು, ಚೀಟಿ ಮೂರೂ ಇಲ್ಲದೆ ಕೈಯಲ್ಲಿ ಉಳಿಯುವ ಹಣದಿಂದ ಏನನ್ನೂ ತೀರಿಸಲು ಹೋಗಬೇಡಿ. ಅದು ಆಸ್ಪತ್ರೆಗೆಂದು ನಗದಾಗಿ ಇರಲಿ. ಕಳೆದ ತಿಂಗಳು ಸರ್ಕಾರ ನಿಗದಿ ಮಾಡಿದ ದರದಂತೆ, ತಾವಾಗಿ ಖಾಸಗಿ ಆಸ್ಪತ್ರೆಗೆ ಹೋದ ಕೊರೋನಾ ರೋಗಿಗೆ ಸಾಮಾನ್ಯ ವಾರ್ಡಿನಲ್ಲೇ ದಿನಕ್ಕೆ 10,000 ರೂಪಾಯಿ ತನಕ ಆಗುತ್ತದೆ. ಜ್ವರ ಬಂದರೆ ಮೊದಲು ಸರ್ಕಾರಿ ಜಿಲ್ಲಾ ಆಸ್ಪತ್ರೆಗೆ ಹೋಗಿ.

ಕೊನೆಯದಾಗಿ ಮಗಳ ವಿಷಯ. ಅವಳಿಗೆ ಹೇಳಿ. ನಿಮ್ಮ ಯಜಮಾನರು ಫೋನ್ ಬಂದಾಗಲೆಲ್ಲ ತಾರಸಿಗೆ ಹೋಗಿ ಮಾತಾಡುತ್ತಾರೆ ಎಂದು ಬರೆದಿದ್ದೀರಿ; ಹದಿನಾರು ವರ್ಷದ ಹುಡುಗಿಗೆ ಅದು ಕಾಣುವುದಿಲ್ಲವೇ? ಕಾರಣ ತಿಳಿಯದ ಮಕ್ಕಳು ಇರುವುದಕ್ಕಿಂತ ದೊಡ್ಡ ಭಯವನ್ನು ಕಟ್ಟಿಕೊಳ್ಳುತ್ತಾರೆ. ಈ ಉತ್ತರವನ್ನು ಮೂವರೂ ಕೂತು ಓದಿ, ಲೆಕ್ಕವನ್ನು ಅವಳ ಕೈಯಲ್ಲೇ ಬರೆಸಿ. ಸರ್ಕಾರಿ ಪದವಿಪೂರ್ವ ಕಾಲೇಜಿಗೆ ಸೇರುವ ಮಾತನ್ನು ಅವಳೇ ಮೊದಲು ಆಡಿದರೂ ಆಶ್ಚರ್ಯವಿಲ್ಲ. ಆಗ ಅದನ್ನು ತ್ಯಾಗ ಎಂಬಂತೆ ನೋಡಬೇಡಿ, ಅಲ್ಲಿಯೂ ಒಳ್ಳೆಯ ಉಪನ್ಯಾಸಕರಿದ್ದಾರೆ. ಚಿಕ್ಕ ಮಗನ ಶಾಲೆಯಲ್ಲಿ ಶುಲ್ಕವನ್ನು ಕಂತುಗಳಲ್ಲಿ ಕಟ್ಟಲು ಕೇಳಿ. ಈ ವರ್ಷ ಶುಲ್ಕ ಏರಿಸಬಾರದೆಂದು ಸರ್ಕಾರ ಈಗಾಗಲೇ ಹೇಳಿದೆ. ಯಜಮಾನರ ಮೇಲೆ ಕಾರ್ಡಿನ ವಿಷಯಕ್ಕೆ ನಿಮಗಿರುವ ಸಿಟ್ಟು ನ್ಯಾಯವಾದದ್ದೇ. ಆದರೆ ಆ 38,000ದಲ್ಲಿ ಬಹುಪಾಲು ಏಪ್ರಿಲ್, ಮೇ ತಿಂಗಳ ದಿನಸಿ ಎಂದು ನೀವೇ ಬರೆದಿದ್ದೀರಿ. ಸಂಬಳ ಇಳಿದದ್ದನ್ನು ಮನೆಯಲ್ಲಿ ಹೇಳಲಾಗದೆ ಅವರು ಮನೆಯನ್ನು ನಡೆಸಿದ ದಾರಿ ಅದು.

ನಿಮ್ಮ ಪತ್ರ ಅಳತೆಯ ಪುಸ್ತಕದಿಂದ ಹರಿದ ಹಾಳೆಯಲ್ಲಿತ್ತು. ಹಿಂಬದಿಯಲ್ಲಿ ಎದೆ 36, ತೋಳು 9, ಹಿಂದೆ ಡೋರಿ, ಏಪ್ರಿಲ್ 26ರ ಮದುವೆಗೆ ಎಂದು ಪೆನ್ಸಿಲಿನಲ್ಲಿ ಬರೆದಿದ್ದೀರಿ. ಆ ಮದುವೆ ಮುಂದಕ್ಕೆ ಹೋಗಿರಬಹುದು, ಬ್ಲೌಸು ಇನ್ನೂ ಹೊಲಿಯಬೇಕಿರಬಹುದು. ಹಾಳೆಯನ್ನು ಈ ಸಂಚಿಕೆಯ ಪ್ರತಿಯೊಂದಿಗೆ ಅಂಚೆಯಲ್ಲಿ ವಾಪಸು ಕಳುಹಿಸುತ್ತಿದ್ದೇನೆ.

— ಸಂಪಾದಕ