ಡಾಕ್ಟರನ್ನು ಕೇಳಿ: ಹಾವು ಕಚ್ಚಿದಾಗ ಹಗ್ಗ ಯಾಕೆ ಬೇಡ?

ಪ್ರಶ್ನೆ: ಡಾಕ್ಟ್ರೇ, ಮೆಕ್ಕೆಜೋಳದ ಹೊಲದಲ್ಲಿ ಕಳೆ ತೆಗೆಯುವಾಗ ನಮ್ಮ ಮೈದುನನ ಪಾದಕ್ಕೆ ಹಾವು ಕಚ್ಚಿತು. ಮೊಣಕಾಲ ಕೆಳಗೆ ಹಗ್ಗ ಬಿಗಿದು ಆಸ್ಪತ್ರೆಗೆ ಒಯ್ದೆವು. ಹಗ್ಗ ನೋಡಿ ನಮ್ಮನ್ನೇ ಬೈದರು. ಇಂಜೆಕ್ಷನ್ ಕೊಡದೆ, ರಕ್ತ ತೆಗೆದು ಅರ್ಧ ಗಂಟೆ ಸುಮ್ನೆ ಕೂರಿಸಿದರು. ಈಗ ಆರಾಮಾಗಿದ್ದಾನೆ. ಆದರೂ ಅವರು ಮಾಡಿದ್ದು ಸರಿಯಾ?
– ಗೃಹಿಣಿ, ದಾವಣಗೆರೆ ಜಿಲ್ಲೆ

ಅಮ್ಮಾ, ಅವರು ಆರಾಮಾಗಿದ್ದಾರೆ ಅಂತ ಓದಿ ಸಮಾಧಾನವಾಯಿತು. ಬೈಯಬಾರದಿತ್ತು, ಒಪ್ಪುತ್ತೇನೆ. ಆದರೆ ಆ ಅರ್ಧ ಗಂಟೆ ದಂಡವಾಗಲಿಲ್ಲ.

ಒಣಗಿದ ಹೊಸ ಗಾಜಿನ ಟ್ಯೂಬಿಗೆ 2 ಎಂಎಲ್ ರಕ್ತ ಹಾಕಿ, ಅಲುಗಿಸದೆ 20 ನಿಮಿಷ ಇಡುತ್ತೇವೆ. ಆಮೇಲೆ ಓರೆ ಮಾಡಿ ನೋಡುತ್ತೇವೆ. ಹೆಪ್ಪುಗಟ್ಟಿ ತಳಕ್ಕೆ ಅಂಟಿದ್ದರೆ ಸದ್ಯಕ್ಕೆ ಪರವಾಗಿಲ್ಲ. ನೀರಿನ ಹಾಗೆ ಹರಿದರೆ ಮಂಡಲದ ಹಾವಿನ ವಿಷ ಏರಿದೆ ಅಂತ ತಿಳಿಯುತ್ತೇವೆ. ಕೊಳಕು ಮಂಡಲ, ಗರಗಸ ಮಂಡಲ ಎರಡರ ವಿಷವೂ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ನಾಗರಹಾವು, ಕಟ್ಟುಹಾವಿನ ವಿಷ ನರಕ್ಕೆ ಹೊಡೆಯುತ್ತದೆ. ಅದಕ್ಕೇ ರೆಪ್ಪೆ ಜೋತುಬೀಳುತ್ತಿದೆಯಾ, ಮಾತು ತೊದಲುತ್ತಿದೆಯಾ, ಉಗುಳು ನುಂಗಲು ಆಗುತ್ತಿದೆಯಾ ಅಂತಲೂ ನೋಡುತ್ತಿರುತ್ತೇವೆ.

ಬಂದ ತಕ್ಷಣ ಇಂಜೆಕ್ಷನ್ ಯಾಕಿಲ್ಲ ಅಂದರೆ, ವಿಷದ ಹಾವು ಕಚ್ಚಿದರೂ ಕೆಲವು ಸಲ ವಿಷ ಬಿಟ್ಟಿರುವುದಿಲ್ಲ. ಪ್ರತಿವಿಷವನ್ನು ಕುದುರೆಯ ರಕ್ತದಿಂದ ತಯಾರಿಸುತ್ತಾರೆ. ಕೆಲವರಿಗೆ ಅದೇ ಜೋರು ಅಲರ್ಜಿ ಮಾಡುತ್ತದೆ. ಹಾಗಾಗಿ ವಿಷದ ಲಕ್ಷಣ ಕಂಡರೆ ಮಾತ್ರ ಕೊಡುತ್ತೇವೆ. ಕಂಡ ಮೇಲೆ ಒಂದು ನಿಮಿಷವೂ ತಡ ಮಾಡುವುದಿಲ್ಲ. ಏನೂ ಕಾಣದಿದ್ದರೂ 24 ಗಂಟೆ ಮನೆಗೆ ಕಳಿಸುವುದಿಲ್ಲ.

ಇನ್ನು ಹಗ್ಗ. ತೆಂಗಿನ ನಾರಿನ ಹಗ್ಗ ಚರ್ಮದೊಳಗೆ ಹೂತು, ಅದರ ಕೆಳಗೆ ಕಾಲು ನೀಲಿಗಟ್ಟಿ, ಬೆರಳು ತಣ್ಣಗಾಗಿ ಬಂದವರನ್ನು ನೋಡಿದ್ದೇನೆ. ಮಂಡಲದ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸುತ್ತದೆ. ರಕ್ತದ ಓಡಾಟವೂ ನಿಂತರೆ ಕಾಲು ಉಳಿಸುವುದೇ ಕಷ್ಟ. ಆದರೆ ಗಟ್ಟಿಯಾಗಿ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ಬಿಚ್ಚಬೇಡಿ. ತಡೆದು ನಿಂತ ವಿಷ ಒಮ್ಮೆಲೇ ಮೇಲೇರಬಹುದು. ಅದನ್ನು ನಮಗೆ ಬಿಡಿ.

ಮೊದಲು ಹಾವಿನಿಂದ ದೂರ ಸರಿಸಿ, ಕೂರಿಸಿ. ಊತ ಬರುವ ಮೊದಲೇ ಕಾಲುಂಗುರ, ಗೆಜ್ಜೆ, ಬಳೆ ತೆಗೆಯಿರಿ. ಒಂದು ಪಟ್ಟಿ ಮರ ಇಟ್ಟು, ಹಳೇ ಪಂಚೆಯಿಂದ ಸಡಿಲವಾಗಿ ಸುತ್ತಿ, ಕಾಲು ಅಲುಗದಂತೆ ಮಾಡಿ. ನಡೆಸಬೇಡಿ, ಎತ್ತಿಕೊಂಡು ಹೋಗಿ. 108ಕ್ಕೆ ಫೋನ್ ಮಾಡಿ. ಅದು ಬರುವುದು ತಡವಾದರೆ ಸಿಕ್ಕ ಗಾಡಿ ಹತ್ತಿಸಿ. ಬೈಕಾದರೂ ಸರಿ, ಇಬ್ಬರ ನಡುವೆ ಕೂರಿಸಿ. ವಾಂತಿಯಾದರೆ ಎಡ ಮಗ್ಗುಲಿಗೆ ಮಲಗಿಸಿ. ಕೊಯ್ಯುವುದು, ಬಾಯಿಂದ ಹೀರುವುದು, ಬೇವಿನ ಸೊಪ್ಪು ತಿನ್ನಿಸಿ ಕಹಿಯಾಯಿತಾ ಅಂತ ಕೇಳುವುದು, ಇವೆಲ್ಲ ಬೇಡವೇ ಬೇಡ. ಹಾವು ಹುಡುಕಿ ಹೊಡೆಯುವುದೂ ಬೇಡ. ಮೇಲೆ ಹೇಳಿದ ನಾಲ್ಕು ಹಾವಿಗೂ ನಮ್ಮಲ್ಲಿ ಇರುವುದು ಒಂದೇ ಔಷಧಿ. ಕಚ್ಚಿದ ಹೊತ್ತು ಮಾತ್ರ ನೆನಪಿಟ್ಟು ಹೇಳಿ. ಕರ್ನಾಟಕದಲ್ಲಿ 2024ರಿಂದ ಪ್ರತಿ ಹಾವು ಕಡಿತವನ್ನೂ ಸರ್ಕಾರಕ್ಕೆ ವರದಿ ಮಾಡಲೇಬೇಕು. ನಾವು ಅಷ್ಟೊಂದು ಪ್ರಶ್ನೆ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಕಾಫಿ ತೋಟದಲ್ಲಿ ಮೆಣಸು ಕೊಯ್ಯುವಾಗ ಹೆಜ್ಜೇನು ಎದ್ದರೆ ಏನು ಮಾಡಬೇಕು, ಸರ್? ಕಚ್ಚಿದ ಜಾಗಕ್ಕೆ ಸುಣ್ಣ ಹಚ್ಚಬಹುದಾ?
– ತೋಟದ ಮೇಸ್ತ್ರಿ, ಕೊಡಗು

ಟವಲಿನಿಂದ ಮುಖ ಮುಚ್ಚಿಕೊಂಡು ಓಡಿ. ಮನೆಯೊಳಗೋ ಜೀಪಿನೊಳಗೋ ಸೇರಿ ಬಾಗಿಲು ಹಾಕಿ. ನಿಂತು ಕೈ ಬೀಸಬೇಡಿ. ಒಂದು ಚುಚ್ಚಿದರೆ ಅದರ ಮುಳ್ಳಿನಿಂದ ಬರುವ ವಾಸನೆಗೆ ಉಳಿದವು ಹಿಂದೆಯೇ ಬರುತ್ತವೆ. ಕೆರೆಗೆ ಹಾರಿದರೂ ಮೇಲೆಯೇ ಸುತ್ತುತ್ತಿರುತ್ತವೆ.

ಮುಳ್ಳು ಚರ್ಮದಲ್ಲಿ ಸಿಕ್ಕಿಕೊಂಡ ಮೇಲೂ ಅದಕ್ಕೆ ಅಂಟಿದ ವಿಷದ ಚೀಲ ವಿಷ ಒತ್ತುತ್ತಲೇ ಇರುತ್ತದೆ. ಕೈಗೆ ಸಿಕ್ಕಂತೆ, ಉಗುರಲ್ಲೇ ಕೆರೆದು ತೆಗೆಯಿರಿ. ಹೇಗೆ ತೆಗೆದಿರಿ ಅನ್ನುವುದಕ್ಕಿಂತ ಎಷ್ಟು ಬೇಗ ತೆಗೆದಿರಿ ಅನ್ನುವುದು ಮುಖ್ಯ. ಸುಣ್ಣ ಬೇಡ, ಚರ್ಮ ಸುಡುತ್ತದೆ. ಸೋಪು ನೀರಲ್ಲಿ ತೊಳೆದು ಐಸ್ ಇಡಿ, ಸಾಕು.

ಮೈಯೆಲ್ಲ ದದ್ದು ಎದ್ದರೆ, ತುಟಿ ಊದಿದರೆ, ಉಸಿರು ಕಟ್ಟಿದರೆ, ತಲೆ ತಿರುಗಿದರೆ ಮಾತ್ರೆ ನುಂಗಿ ಕೂರಬೇಡಿ. ಆಗ ಜೀವ ಉಳಿಸುವುದು ತೊಡೆಗೆ ಕೊಡುವ ಅಡ್ರಿನಾಲಿನ್ ಇಂಜೆಕ್ಷನ್. ಹತ್ತಿರದ ಆಸ್ಪತ್ರೆಗೆ ತಕ್ಷಣ ಹೋಗಿ. ತುಂಬಾ ಹುಳ ಕಚ್ಚಿದ್ದರೆ ಆರಾಮ ಅನ್ನಿಸಿದರೂ ಹೋಗಲೇಬೇಕು. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಕಿಡ್ನಿಗೆ ಪೆಟ್ಟು ಬಿದ್ದಿರಬಹುದು.

ಪ್ರಶ್ನೆ: ಕಚ್ಚಿದ ಗುರುತೇ ಇಲ್ಲದೆ ಹಾವಿನ ವಿಷ ಏರುತ್ತದೆಯೇ?
– ಶಿಕ್ಷಕರು, ರಾಯಚೂರು ಜಿಲ್ಲೆ

ಏರುತ್ತದೆ, ಮೇಷ್ಟ್ರೇ. ಕಟ್ಟುಹಾವು ರಾತ್ರಿ ಓಡಾಡುತ್ತದೆ. ನೆಲದ ಮೇಲೆ ಮಲಗಿದವರಿಗೆ ನಿದ್ದೆಯಲ್ಲೇ ಕಚ್ಚುತ್ತದೆ. ಹೆಚ್ಚಾಗಿ ನೋವಿಲ್ಲ, ಊತವಿಲ್ಲ, ಹಲ್ಲಿನ ಗುರುತು ಕಾಣುವುದೂ ಕಷ್ಟ. ನಸುಕಿನಲ್ಲಿ ಎದ್ದ ಮಗು ಹೊಟ್ಟೆನೋವು ಅನ್ನುತ್ತದೆ, ಆಮೇಲೆ ರೆಪ್ಪೆ ಎತ್ತಲು ಆಗುವುದಿಲ್ಲ. ಅಜೀರ್ಣ ಅಂತ ಓಮದ ನೀರು ಕುಡಿಸುತ್ತಾ ಕೂತರೆ ಉಸಿರೇ ನಿಲ್ಲಬಹುದು. ಅಂಥ ಮಗುವನ್ನು ವೆಂಟಿಲೇಟರ್ ಇರುವ ಆಸ್ಪತ್ರೆಗೆ ಓಡಿಸಿ. ಶಾಲೆಯಲ್ಲಿ ಮಕ್ಕಳಿಗೆ ಇದನ್ನು ದಯವಿಟ್ಟು ಹೇಳಿ. ಸೊಳ್ಳೆ ಪರದೆ ಕಟ್ಟಿ, ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಿ ಮಲಗಲು ಹೇಳಿ.