ಕಾವಲಿನಲ್ಲಿ ಸಸಿ ನೆಡಬೇಕಾ?

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕಿನ ಹಳ್ಳಿ. ಊರ ಪಕ್ಕದ ಕಾವಲು, ಅಂದರೆ ದನ ಮೇಯುವ ಹುಲ್ಲುಗಾವಲು, ಬೋಳಾಗಿ ಸುಮ್ನೆ ಬಿದ್ದಿದೆ. ಈ ಮಳೆಗಾಲದಲ್ಲಿ ಅಲ್ಲಿ ಸಾವಿರ ಸಸಿ ನೆಡಲು ಯುವಕ ಸಂಘದವರು ಹೊರಟಿದ್ದೇವೆ. ಮಳೆ ಜಾಸ್ತಿ ಆಗುತ್ತೆ, ಬೋರ್‌ವೆಲ್‌ಗೂ ನೀರು ಬರುತ್ತೆ, ಅಲ್ವಾ? ಯಾವ ಗಿಡ ಒಳ್ಳೆಯದು?

ಉತ್ತರ: ನಿಮ್ಮ ಉತ್ಸಾಹಕ್ಕೆ ತಣ್ಣೀರು ಎರಚಲು ಇಷ್ಟವಿಲ್ಲ. ಆದರೂ ಹೇಳಲೇಬೇಕು: ಕಾವಲಿನಲ್ಲಿ ನೆಡಬೇಡಿ.

ಕಾವಲು ಸುಮ್ನೆ ಬಿದ್ದಿಲ್ಲ. ಬೇಸಿಗೆಯಲ್ಲಿ ಹಾಗೆ ಕಾಣುತ್ತೆ, ಅಷ್ಟೇ. ಮೈಸೂರು ಅರಸರ ದನ ಸಾಕುವ ಇಲಾಖೆ ‘ಬೆಣ್ಣೆ ಚಾವಡಿ’ ಟಿಪ್ಪು ಕಾಲದಲ್ಲಿ ಅಮೃತ ಮಹಲ್ ಆಯಿತಲ್ಲ, ಆ ದನಗಳು ಮೇಯ್ದು ಬೆಳೆದದ್ದು ಇಂಥ ನೆಲದಲ್ಲೇ. ಎರಡು ಹದ ಮಳೆ ಬಿದ್ದ ಮೇಲೆ ಹೋಗಿ ಒಂದು ಹುಲ್ಲಿನ ಬುಡವನ್ನು ಹಾರೆಯಿಂದ ಎಬ್ಬಿಸಿ ನೋಡಿ. ಮೇಲೆ ಗೇಣುದ್ದ ಹುಲ್ಲು. ಕೆಳಗೆ ಕೂದಲಿನಂಥ ಬೇರುಗಳು ಮಣ್ಣಿನ ಹೆಂಟೆಯನ್ನು ಬಿಗಿಯಾಗಿ ಹಿಡಿದಿರುತ್ತವೆ, ಕೊಡವಿದರೂ ಬಿಡಲ್ಲ. ಭೂಮಿ ಬಿಸಿಯಾಗದಿರಲಿ ಅಂತ ಗಿಡಗಳಲ್ಲಿ ಹಿಡಿದಿಡಬೇಕು ಅನ್ನುತ್ತಾರಲ್ಲ, ಆ ಇಂಗಾಲದ ಹೆಚ್ಚಿನ ಪಾಲು ಹುಲ್ಲುಗಾವಲಿನಲ್ಲಿ ಇರುವುದು ಅಲ್ಲೇ, ನೆಲದೊಳಗೆ. ದನ ಮೇಯಲಿ, ಬೆಂಕಿ ಬೀಳಲಿ, ಮೇಲಿನದು ಹೋಗುತ್ತೆ, ಕೆಳಗಿನದು ಬಹುಪಾಲು ಉಳಿಯುತ್ತೆ. ನೆಡುತೋಪಿಗೆ ಬೆಂಕಿ ಬಿದ್ದರೆ ಕಾಂಡ, ಎಲೆಗಳಲ್ಲಿದ್ದ ಇಂಗಾಲದಲ್ಲಿ ಸಾಕಷ್ಟು ಹೊಗೆಯಾಗಿ ಹೋಗಬಹುದು.

ಹುಲ್ಲುಗಾವಲನ್ನು ಖಾಲಿ ಜಾಗ ಅಂದುಕೊಳ್ಳುವ ಈ ತಪ್ಪು ದೊಡ್ಡವರೂ ಮಾಡಿದ್ದಾರೆ. ಜಗತ್ತಿನಲ್ಲಿ ಮರ ಬೆಳೆಸಿ 205 ಶತಕೋಟಿ ಟನ್ ಇಂಗಾಲ ಹಿಡಿದಿಡಬಹುದು ಅಂತ 2019ರಲ್ಲಿ ಒಂದು ಅಧ್ಯಯನ ಹೇಳಿತು. ಆ ಲೆಕ್ಕ ಸುಮಾರು ಐದು ಪಟ್ಟು ಜಾಸ್ತಿಯಾಯಿತು ಅಂತ ಅದೇ ವರ್ಷ ಬೇರೆ ವಿಜ್ಞಾನಿಗಳು ತಕರಾರು ತೆಗೆದರು. ಹುಲ್ಲುಗಾವಲನ್ನೂ ಮರ ಬೆಳೆಸುವ ಜಾಗ ಅಂತ ಸೇರಿಸಿದ್ದು ಅದಕ್ಕೆ ಒಂದು ಕಾರಣ.

ಇನ್ನು ನೀರು. ಸಾವಿರ ಸಸಿಯಿಂದ ಮಳೆ ಬರಲ್ಲ. ನಾವಿರುವುದು ಘಟ್ಟದ ಮಳೆನೆರಳಿನಲ್ಲಿ, ಮೋಡಗಳು ಆ ಕಡೆಯೇ ಸುರಿದು ಹಗುರಾಗಿ ಬರುತ್ತವೆ. ಬೋರ್‌ವೆಲ್ ಕಥೆ ಇನ್ನೂ ಉಲ್ಟಾ. ಒತ್ತಾಗಿ ನೆಟ್ಟ ಮರಗಳು ಆಳದ ತೇವವನ್ನು ಎಳೆದು ವರ್ಷವಿಡೀ ಗಾಳಿಗೆ ಬಿಡುತ್ತವೆ. ಹುಲ್ಲಾದರೆ ಬೇಸಿಗೆಯಲ್ಲಿ ಒಣಗಿ ಸುಮ್ಮನಾಗುತ್ತೆ. ಬೇರೆ ಬೇರೆ ದೇಶಗಳ 26 ಜಲಾನಯನ ಪ್ರದೇಶಗಳ ಮಾಹಿತಿ ಸೇರಿಸಿ 2005ರಲ್ಲಿ ಒಂದು ಲೆಕ್ಕ ಹಾಕಿದ್ದರು. ಹುಲ್ಲುಗಾವಲಿಗೆ ಮರ ಹಾಕಿದ ಕಡೆ ಹರಿದು ಬರುವ ನೀರು ಸರಾಸರಿ ಶೇ 44ರಷ್ಟು ಕಮ್ಮಿಯಾಗಿತ್ತು. ಎಲ್ಲ ಊರಲ್ಲೂ ಇಷ್ಟೇ ಅಂತಲ್ಲ. ಆದರೆ ಮಳೆ ಕಮ್ಮಿ ಇರುವ ಚಳ್ಳಕೆರೆಯಂಥ ಕಡೆ ಈ ಜೂಜು ಯಾಕೆ? ನೀಲಗಿರಿ ನೆಡುವುದನ್ನು ನಮ್ಮ ಸರ್ಕಾರ 2017ರಲ್ಲಿ ನಿಷೇಧಿಸಿದ್ದೂ ನೀರಿನ ಚಿಂತೆಯಿಂದಲೇ.

ಕಾವಲಿನ ಜೀವಗಳಿಗೂ ಬಯಲೇ ಬೇಕು. ನೆಲಗುಬ್ಬಿ ಹುಲ್ಲಿನ ಬುಡದಲ್ಲೇ ಗೂಡು ಮಾಡುತ್ತೆ. ಕೃಷ್ಣಮೃಗ ದೂರ ನೋಡಿ ಓಡಿ ಬದುಕುವ ಪ್ರಾಣಿ. ತೋಳ, ನರಿ, ಚಳಿಗಾಲಕ್ಕೆ ಹಾರಿ ಬರುವ ಸೆಳೆವ ಎಂಬ ಬೇಟೆ ಹಕ್ಕಿಗಳು, ಎಲ್ಲವೂ ಈ ಬಯಲನ್ನೇ ನಂಬಿವೆ. ಎರ್ಲಡ್ಡು ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಈಗ ರಾಜ್ಯದಲ್ಲಿ ಉಳಿದಿರುವುದು ಸಿರುಗುಪ್ಪದ ಕಡೆ, ಬೆರಳೆಣಿಕೆಯಷ್ಟು. ನಿಮ್ಮ ತಾಲ್ಲೂಕಿನ ಕುದಾಪುರದ ಸುತ್ತ ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಸಾವಿರಾರು ಎಕರೆ ಕಾವಲು ಆಗಲೇ ಹೋಗಿದೆ. ಮಿಕ್ಕಿದ್ದನ್ನು ನಾವೇ ಗುಂಡಿ ತೋಡಿ ಮುಗಿಸೋದು ಬೇಡ.

ಏನಾದರೂ ಮಾಡಲೇಬೇಕಾದರೆ ಕಾವಲಿಗೆ ನುಗ್ಗುತ್ತಿರುವ ಬಳ್ಳಾರಿ ಜಾಲಿಯನ್ನು ಬೇರು ಸಮೇತ ಕೀಳಿ. ಸುಮ್ನೆ ಕಡಿದರೆ ಮತ್ತೆ ಚಿಗುರುತ್ತೆ. ತಾನಾಗಿ ಹುಟ್ಟಿದ ಒಂದೊಂದು ಕಮರ, ಬನ್ನಿ ಮರ ಇದ್ದರೆ ಹಾಗೇ ಬಿಡಿ, ಅವು ಅಲ್ಲಿನವೇ. ಕಾವಲು ಸರ್ಕಾರದ್ದಾದ್ದರಿಂದ ಒಪ್ಪಿಗೆ ಪಡೆದೇ ಕೆಲಸ ಶುರು ಮಾಡಿ.

ಸಾವಿರ ಸಸಿ ತಂದಾಗಿದ್ದರೆ ಹೊಲದ ಬದು, ಶಾಲೆ ಅಂಗಳ, ರಸ್ತೆ ಬದಿ ಇದೆಯಲ್ಲ. ಹುಣಸೆ, ಬೇವು, ಹೊಂಗೆ ನಮ್ಮ ನೆಲಕ್ಕೆ ಒಗ್ಗಿದವು. ಕೆರೆ ಏರಿ ಮೇಲೆ ಮಾತ್ರ ಬೇಡ, ಬೇರು ಏರಿಯನ್ನು ಸಡಿಲ ಮಾಡುತ್ತೆ. ಎರಡು ಬೇಸಿಗೆ ನೀರು ಹಾಕುವವರು ಯಾರು ಅಂತ ಈಗಲೇ ಹೆಸರು ಬರೆದಿಡಿ. ಜನ ಕಮ್ಮಿ ಸಿಕ್ಕರೆ ಸಸಿಯನ್ನೂ ಕಮ್ಮಿ ಮಾಡಿ.