ಕಡ್ಲಿ ಗಿಡ ಹತ್ತಿಸೋದು ಅಂದ್ರೆ ಏನು?

ಕಲಬುರಗಿಗೆ ಬಂದು ತಿಂಗಳಾಯ್ತು, ಆಫೀಸಲ್ಲಿ ಒಬ್ಬರು "ಸಾಕ್ ಬಿಡ್ರಿ ಸರ, ಕಡ್ಲಿ ಗಿಡ ಹತ್ತಸಬ್ಯಾಡ್ರಿ" ಅಂದರು, ಬೈದರೋ ಹೊಗಳಿದರೋ ತಿಳಿಯಲಿಲ್ಲ ಅಂತ ಕೇಳಿದ್ದೀರಿ. ಎರಡೂ ಅಲ್ಲ. ನೀವು ಅವರನ್ನು ಜಾಸ್ತಿ ಹೊಗಳಿದ್ದೀರಿ, ಅದು ಅವರಿಗೆ ಗೊತ್ತಾಗಿದೆ, ಅಷ್ಟೇ.

ಮೊದಲು ಗಿಡದ ವಿಷಯ ಹೇಳಿಬಿಡ್ತೀನಿ. ನಮ್ಮ ಕಡೆ ಮರ ಅನ್ನೋದು ಕಡಿಮೆ. ಬೇವಿನ ಗಿಡ, ಹುಣಸಿ ಗಿಡ, ಆಲದ ಗಿಡ, ಎಷ್ಟು ದೊಡ್ಡದಿದ್ದರೂ ಗಿಡವೇ. ನೀವು ಆಡುವ ಮರಕೋತಿ ಇಲ್ಲಿ ಗಿಡಮಂಗನಾಟ. ನಮ್ಮ ಅವ್ವನಿಗೆ ಮರ ಅಂದರೆ ಜೋಳ ಕೇರೋದು, ನೀವು ಮೊರ ಅಂತೀರಲ್ಲ, ಅದು. ಹಾಗಾಗಿ ಯಾರಾದರೂ "ಗಾಡಿ ಗಿಡದ ಬುಡಕ ನಿಲ್ಸರಿ" ಅಂದರೆ ಹೂಕುಂಡ ಹುಡುಕಬೇಡಿ, ತಲೆ ಎತ್ತಿ ನೋಡಿ.

ಕಡ್ಲಿ ಗಿಡ ಮಾತ್ರ ನಿಜವಾಗಲೂ ಗಿಡ. ಮೊಣಕಾಲಿಗೂ ಸರಿಯಾಗಿ ಬರೋದಿಲ್ಲ. ಅದರ ಮೇಲೆ ಮನುಷ್ಯನನ್ನು ಹತ್ತಿಸಿದರೆ ಅವನು ಭಾರೀ ಎತ್ತರದಲ್ಲಿದ್ದೀನಿ ಅಂದುಕೊಂಡಿರುತ್ತಾನೆ, ಕಾಲು ನೋಡಿದರೆ ಹೊಲದ ಮಣ್ಣಿನಲ್ಲೇ. ಭಾಲ್ಕಿ, ಬಸವಕಲ್ಯಾಣದ ಕಡೆ ಮರಾಠಿಯವರೂ ಇದನ್ನೇ ಹರಭರಾ ಗಿಡದ ಮೇಲೆ ಹತ್ತಿಸೋದು ಅಂತಾರೆ. ದಖನಿ ಉರ್ದುವಿನಲ್ಲಿ 'ಚನೇ ಕೆ ಝಾಡ್ ಪೇ ಚಡಾನಾ'. ಯಾರು ಯಾರಿಂದ ತೊಗೊಂಡರೋ, ಕೇಳಿದರೆ ಮೂವರೂ ನಮ್ಮದೇ ಅಂತಾರೆ. ನನ್ನ ತಕರಾರು ಬೇರೆ. ಇದು ತೊಗರಿ ನಾಡು, 2019ರಲ್ಲಿ ನಮ್ಮ ತೊಗರಿಬೇಳೆಗೆ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಬೆಳೆ ಅನ್ನೋ ಗುರುತು, ಕೂಡ ಬಂತು, ತೊಗರಿ ಗಿಡ ಆಳೆತ್ತರ ಬೆಳೆಯುತ್ತದೆ. ಹತ್ತಿಸೋದೇ ಆದರೆ ಅದಕ್ಕಾದರೂ ಹತ್ತಿಸಬಾರದಾ?

ಅಂದ ಹಾಗೆ, ಝಾಡ್ ಅಂದರೆ ಗಿಡ ಅಂತ ಕಲಿತು "ಸಾಹೇಬ್ರು ಝಾಡಿಸಿದ್ರು" ಅನ್ನೋದಕ್ಕೆ ಗಿಡ ನೆಡಿಸಿದರು ಅಂತ ಅರ್ಥ ಮಾಡಿಕೊಳ್ಳಬೇಡಿ. ಅದು ಚೆನ್ನಾಗಿ ಬೈಸಿಕೊಂಡ ಮಾತು.

ನಮ್ಮೂರು ಸೇಡಂ ಕಡೆ. ಅಲ್ಲಿ, ಆಮೇಲೆ ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಡೆ, ತೆಲುಗು ಗಾಳಿ. ತೆಲುಗಿನವರು ಕಡಲೆ ತಂಟೆಗೆ ಹೋಗೋದಿಲ್ಲ, 'ಮುನಗ ಚೆಟ್ಟು' ಹತ್ತಿಸುತ್ತಾರೆ, ಅಂದರೆ ನುಗ್ಗೆ ಗಿಡ. ಇದು ಅಪಾಯ. ನುಗ್ಗೆ ನಿಜವಾಗಲೂ ಎತ್ತರ ಇರುತ್ತದೆ, ಟೊಂಗೆ ಮಾತ್ರ ಕೈಯಲ್ಲಿ ಹಿಡಿದರೆ ಲಟಕ್ ಅನ್ನುತ್ತದೆ. ಮರಾಠಿ ಹೊಗಳಿಕೆಗೆ ಮರ್ಯಾದೆ ಹೋಗುತ್ತದೆ, ತೆಲುಗು ಹೊಗಳಿಕೆಗೆ ಸೊಂಟವೇ ಹೋಗುತ್ತದೆ.

ನನ್ನ ಸೊಂಟ ಹೋಗಿದ್ದು ಜಾತ್ರೆಯಲ್ಲಿ. ಊರಿನ ಹಿರಿಯರು ಬೇವಿನ ಗಿಡದ ಕಟ್ಟೆ ಮೇಲೆ ಕೂರಿಸಿ, ಚಹಾ ಕುಡಿಸಿ, "ನಿನ್ನಂಗ ಲೆಕ್ಕ ಬರೆಯೋರು ಈ ಊರಾಗ ಹುಟ್ಟೇ ಇಲ್ಲ ತಮ್ಮಾ" ಅಂದರು. ಜಾತ್ರೆಯ ಜಮಾ ಖರ್ಚಿನ ಪುಸ್ತಕ ಆವತ್ತು ಕೈಗೆ ಬಂದಿದ್ದು, ಇನ್ನೂ ಕೈ ಬಿಟ್ಟಿಲ್ಲ. ಒಂದು ವರ್ಷ ಪೆಂಡಾಲಿನವನ ದುಡ್ಡು ಕಡಿಮೆ ಬಿದ್ದಾಗ ನನ್ನ ಜೇಬಿನಿಂದ ಕೊಟ್ಟೆ. ಕಾಕಾ ಒಬ್ಬರೇ ಖರೇ ಮಾತು ಹೇಳಿದ್ದು: ಗಿಡ ಇಲ್ಲದ ಊರಿಗೆ ಔಡಲವೇ (ನೀವು ಹರಳು ಅಂತೀರಲ್ಲ, ಅದು) ದೊಡ್ಡ ಗಿಡ. ಇದೂ ತೆಲುಗಿನವರ ಬಾಯಲ್ಲಿ ದಿನಾ ಓಡಾಡುವ ಗಾದೆ. ಔಡಲ ನಾನು, ಗೊತ್ತಾಯ್ತಲ್ವಾ?

ಇನ್ನೊಂದು ನಿಮಗೆ ಬೇಗನೇ ಬೇಕಾಗುತ್ತದೆ: 'ಈಚಲ ಗಿಡದ ಕೆಳಗ ಮಜ್ಜಿಗಿ ಕುಡಿದಂಗ'. ಈಚಲ ಗಿಡದಿಂದ ಸೇಂದಿ, ಅಂದರೆ ಹೆಂಡ, ಇಳಿಸುತ್ತಾರೆ, ಅದರ ಕೆಳಗೆ ಕೂತು ನೀವು ಏನು ಕುಡಿದರೂ ನೋಡಿದವರಿಗೆ ಅದು ಸೇಂದಿಯೇ. ನಮ್ಮ ಕಡೆ ಸೇಂದಿ ಅಂಗಡಿ ಬಂದಾಗಿವೆ, ತೆಲಂಗಾಣದಲ್ಲಿ 'ಕಲ್ಲು' ಅಂಗಡಿ ಇವೆ, ತೆಲುಗಿನಲ್ಲಿ ಹೆಂಡಕ್ಕೆ ಹಾಗಂತಾರೆ. ಹಾಗಾಗಿ ಸೇಡಂನವರು ಸುಮ್ನೆ ಕೆಲಸಕ್ಕೆ ಅಂತ ಗಡಿಯಾಚೆಯ ತಾಂಡೂರಿಗೆ ಹೋಗಿ ಬಂದರೂ ಬಸ್ ಸ್ಟ್ಯಾಂಡಿನಲ್ಲೇ ಯಾರೋ ಕೇಳುತ್ತಾರೆ, "ಏನ್ರಿ, ಮಜ್ಜಿಗಿ ಥಂಡ ಇತ್ತಾ?"

ಇಷ್ಟು ಸಾಕು ಅನ್ಸುತ್ತೆ. ಉಳಿದದ್ದು ಆಫೀಸಿನಲ್ಲೇ ಕಲೀತೀರಿ. ಮತ್ತೆ ನಿಮ್ಮ ಪ್ರಶ್ನೆ ಭಾಳ ಚಲೋ ಅದ ರೀ, ಇಂಥಾ ಶಾಣ್ಯಾ ಪ್ರಶ್ನೆ ಬೆಂಗಳೂರಿನವರು ಯಾರೂ ಕೇಳಿರಲಿಲ್ಲ.